ನಿನ್ನಂಥಾಕಿ

ಒಂಬತ್ತು ವರ್ಷಾತು, ಆಕಿ ಹೆಸರು ನನಗ ಗೊತ್ತಿಲ್ಲ.
ಹುಲಕೋಟ್ಯಾಗ ಹತ್ತತಾಳ, ಅದಕ್ಕ ಹುಲಕೋಟಿ.
ನಾ ಅಣ್ಣಿಗೇರಿ.
ಗದಗಿನಿಂದ ಟಾವೆಲ್ ಹಾಸಿ ಜಾಗಾ ಹಿಡಕೊಂಡು ಬರೋ
ನರ್ಸಬಾಯಿ ಮಾತ್ರ ನರ್ಸಬಾಯಿ.
ಆಕಿಗೆ ಊರು ಸಾಲೂದಿಲ್ಲ.

ಮುಂಜಾನಿ ಪ್ಯಾಸೆಂಜರ್ ನಮ್ಮೂರಿಗೆ ಬರೂದರಾಗ
ಕಾಲಿಡಾಕ ತೆರಪಿರೂದಿಲ್ಲ.
ಆದ್ರ ಒಂದು ಕೈ ಬರತೈತಿ
ಯಾರದೋ ಹೆಗಲ ಮ್ಯಾಲಿಂದ, ಯಾರದೋ ಬಗಲಾಗಿಂದ,
ಹಸಿರು ಬಳಿ ಐದು, ತಾಮ್ರದ ಕಡಗ ಒಂದು,
ನನ್ನ ಬುತ್ತಿ ಚೀಲ ಇಸಗೊಂಡು ಒಳಗ ಹೋಗಿಬಿಡತೈತಿ.
ಬುತ್ತಿ ಹೋದ ಮ್ಯಾಲ
ನಾನೂ ಹೋಗಬೇಕಲ್ಲ ಅದರ ಬೆನ್ನ ಹಿಂದ.

ಸೀರಿಗೆ ಫಾಲ್ ಹಚ್ಚೂದು ಇಲ್ಲೇ, ಗಾಡಿ ತೂಗಾಡಿದಂಗ.
ಹೊಲಿಗಿ ಒಂಚೂರು ಸೊಟ್ಟ,
ಹುಬ್ಬಳ್ಳ್ಯಾಗ ಇನ್ನೂ ಯಾರೂ ಹಿಡದಿಲ್ಲ.
ಚೀಟಿ ಎತ್ತೂದು ಹೆಬಸೂರು ದಾಟಿದ ಮ್ಯಾಲ.
ಎತ್ತಾಕಿ ಖೈರುನ್ನಿಸಾನ ಆಗಬೇಕು,
ಆಕಿ ಕಣ್ಣು ಮುಚ್ಚಿದ್ರ ಖರೇನ ಮುಚ್ಚತಾಳಂತ.
ಸಂಜೀಕ ನನ್ನ ಮೆಂತೆಪಲ್ಲೆ ನಾಕು ಮಂದಿ ಸೋಸತಾರ,
ಮನ್ಯಾಗ ಅತ್ತಿ ಕೇಳತಾಳ,
ಇಷ್ಟು ಸ್ವಚ್ಛ ಯಾವಾಗ ಕಲತಿ?

ಹುಲಕೋಟಿ ಬಾಯಿ ಅಂದ್ರ ಬಾಯಿ.
ನಮ್ಮ ಡಬ್ಬಿಗೆ ಒಬ್ಬ ಹುಡುಗ ಹತ್ತಿದ್ರ
"ಏ ತಮ್ಮಾ, ನಿಮ್ಮವ್ವ ಹಿಂದಿನ ಡಬ್ಬ್ಯಾಗ ಅದಾಳ,
ಲಗೂ ಹೋಗು, ಅಳಾಕತ್ತಾಳ" ಅಂತಾಳ.
ದಿನಕ್ಕ ಮುನ್ನೂರು ಅಂಗಿಗೆ ಗುಂಡಿ ಹಚ್ಚಾಕಿ.
ಅವರ ಮಾಲಕ ಮೂಗಿನಾಗ ಮಾತಾಡೂದನ್ನ
ಮೂಗು ಹಿಡಕೊಂಡು ತೋರಿಸ್ತಾಳ,
ನಿಂತಾವರು ನಕ್ಕು ಕುಂತಾವರ ತೊಡೀ ಮ್ಯಾಲ ಬೀಳತಾರ.

ಎರಡನೇ ಬಸುರು ನಿಲ್ಲಲಿಲ್ಲಂತ
ನಾ ಮೊದಲು ಹೇಳಿದ್ದು ಆಕಿಗೆ, ಆಮ್ಯಾಲ ನಮ್ಮವ್ವಗ.
ಆವತ್ತು ಆಕಿ ಏನೂ ಅನ್ನಲಿಲ್ಲ.
ಕುಸುಗಲ್ ಬರೂತನಕ
ನನ್ನ ಕಿರಿಬೆರಳು ಹಿಡಕೊಂಡು
ಕಿಡಕಿ ಹೊರಗ ಕಡ್ಲಿ ಹೊಲ ನೋಡಿದ್ಲು.

ಪಂಚಮಿ ಮುಂದಿನ ಐತವಾರ. ದುರ್ಗದಬೈಲು.
ಉಂಡಿಗೆ ಬೆಲ್ಲ ಕೊಳ್ಳಾಕ ಅತ್ತಿ ಕೂಡ ಹೋಗಿದ್ದೆ.
ಎದುರಿಗೆ ಒಬ್ಬ ಗಂಡಸು, ಕೈ ಬೀಸಿಕೋತ.
ನಾಕು ಹೆಜ್ಜಿ ಹಿಂದ
ಎರಡೂ ಕೈಯಾಗ ಚೀಲ, ತಲೀ ಮ್ಯಾಲ ಸೆರಗು,
ಹಸಿರು ಬಳಿ ಐದು, ತಾಮ್ರದ ಕಡಗ.
ನಾ ನಗಾಕ ಬಾಯಿ ತೆರದೆ.
ಆಕಿ ನೋಡಿದ್ಲು,
ಮುಚ್ಚಿದ ಅಂಗಡಿ ಗಾಜು ನೋಡಿದಂಗ.
ಹೋದ್ಲು.

"ಯಾರ ಆಕಿ?" ಅಂದ್ಲು ಅತ್ತಿ.
"ಯಾರೋ" ಅಂದೆ.
ಆಮ್ಯಾಲ ತಿಳೀತು, ನನ್ನ ತಲೀ ಮ್ಯಾಲೂ ಸೆರಗಿತ್ತು.
ಯಾವಾಗ ಹೊತಗೊಂಡೆ,
ನೆನಪಾಗವಲ್ದು.

ಸೋಮವಾರ ಕೈ ಬಂತು.
ಒಂದು ಗಳಿಗಿ ಚೀಲ ಗಟ್ಟಿ ಹಿಡಕೊಂಡೆ.
ಕೈ ಅಲ್ಲೇ ಇತ್ತು, ಮಂದಿ ನಡುವ, ಬೆರಳು ಬಿಚ್ಚಿ.
ಗಾರ್ಡ್ ಸೀಟಿ ಹೊಡದ.
ಕೊಟ್ಟೆ.

ಶಿಶ್ವಿನಹಳ್ಳಿ ಹೋತು, ಮಾತಿಲ್ಲ.
ಹೆಬಸೂರಿಗೆ ಚೀಟಿ ಎತ್ತಿದ್ರು, ಯಾರಿಗೆ ಹತ್ತಿತೋ.
"ನಿನ್ನೆ ಬಜಾರದಾಗ
ನಿನ್ನಂಥಾಕಿ ಒಬ್ಬಾಕಿನ್ನ ನೋಡಿದ್ನೆವಾ" ಅಂದ್ಲು,
ರೊಟ್ಟಿ ಗಂಟು ಬಿಚ್ಚಿಕೋತ.
"ನಾನೂ ನೋಡಿದೆ. ನಿನ್ನಂಥಾಕಿನ್ನ."
"ಹೆಂಗಿದ್ಲು?"
"ಭಾಳ ಶಾಣ್ಯಾಕಿ. ಬಾಯೇ ಇರಲಿಲ್ಲ ಆಕಿಗೆ."

ಮೂಗು ಹಿಡಕೊಳ್ಳದನ ನಕ್ಕಳು,
ನಕ್ಕು ನಕ್ಕು ಕಣ್ಣು ಒರಿಸಿಕೊಂಡ್ಲು,
ಒರಿಸಿಕೊಳ್ಳೂದು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚಾತು.
"ಏನದು, ನಮಗೂ ಹೇಳ್ರೆವಾ" ಅಂದ್ಲು ನರ್ಸಬಾಯಿ.

ಸಿಗ್ನಲ್ ಇಲ್ಲದ ಗಾಡಿ ಹುಬ್ಬಳ್ಳಿ ಹೊರಗ ನಿಂತಿತು.
ದಿನಾ ಬೈತೀವಿ. ಆವತ್ತು ಯಾರೂ ಬೈಲಿಲ್ಲ.
ಸಜ್ಜಿ ರೊಟ್ಟಿ ಮುರದು, ಶೇಂಗಾ ಚಟ್ನಿ ಹಚ್ಚಿ
ದೊಡ್ಡ ತುಂಡು ನನಗ ಕೊಟ್ಟಳು.

ಹೆಸರು ಕೇಳಬೇಕಂತ ಮಾಡಿದ್ದೆ.
ಬಾಯಾಗ ರೊಟ್ಟಿ ಇತ್ತು.